ಅರ್ಧ ಗಡ್ಡದ ಅರ್ಥಶಾಸ್ತ್ರ

ಜ್ಞಾನೇಶ್ವರ: ಎಂಬತ್ತಂದ್ರ ಎಂಬತ್ತರಿ! ಐವತ್ತಕ್ಕ ಗಡ್ಡ ಹೆರಿಯೋ ಕಾಲ ಮುಗೀತು.

(ಭಾಲ್ಕಿಯ ಕಟಿಂಗ್ ಅಂಗಡಿ. ಕದ ಅರ್ಧ ಮುಚ್ಚಿದೆ. ಕುರ್ಚಿಯಲ್ಲಿ ನಿವೃತ್ತ ಮಾಸ್ತರ ಶಿವರಾಜಪ್ಪ. ಎಡಗಲ್ಲ ನುಣ್ಣಗಾಗಿದೆ, ಬಲಗಲ್ಲದಲ್ಲಿ ನೊರೆಯಡಿ ನಾಲ್ಕು ದಿನದ ಬೆಳೆ ಹಾಗೇ ನಿಂತಿದೆ. ಹನ್ನೊಂದಕ್ಕೆ ಬೀದರಿನಲ್ಲಿ ಅವರ ಭಾಷಣ: 'ಜಗತ್ತಿನ ಬಂಡವಾಳಶಾಹಿ ಬಿಕ್ಕಟ್ಟು.' ಅಂಗಡಿಯ ಜ್ಞಾನೇಶ್ವರ ಕತ್ತಿ ಮಡಚಿ ನಿಂತಿದ್ದಾನೆ. ಬೆಂಚಿನ ಮೇಲೆ ಗಾಂಧಿ ಗಂಜ ಮಾರುಕಟ್ಟೆಯ ಬೇಳೆ ವ್ಯಾಪಾರಿ ಜುಲ್ಫೀಕಾರ.)

ಶಿವರಾಜಪ್ಪ: ಅರ್ಧ ಗಲ್ಲಕ್ಕ ಬಂದು ದರ ಏರಿಸ್ತೀಯೇನೋ ತಮ್ಮಾ?

ಜ್ಞಾನೇಶ್ವರ: ಈಗಷ್ಟೇ ಬ್ಲೇಡ ಕೊಡೋ ಸೇಠ ಫೋನ್ ಮಾಡಿದ್ನಲ್ರಿ. ಎಲ್ಲೋ ಜಗಳ ಹತ್ತಿ ಸಮುದ್ರದಾಗ ಹಡಗ ನಿಂತಾವಂತ, ಬ್ಲೇಡ ತುಟ್ಟಿ ಆಗ್ಯಾವ. ಹಡಗಿನವ್ರು ನನ್ನ ಕೇಳಿ ಜಗಳ ಹಚ್ಚಿದ್ರೇನು?

ಶಿವರಾಜಪ್ಪ: ಅದಕ್ಕs ನಾ ಅನ್ನೋದು, ದರ ಸರ್ಕಾರ ಕಟ್ಟಬೇಕು. ಬ್ಲೇಡೂ ಸರ್ಕಾರದ್ದು, ಕತ್ತೀನೂ ಸರ್ಕಾರದ್ದು.

ಜ್ಞಾನೇಶ್ವರ: ಹಾಂ, ಗಡ್ಡಕ್ಕ ಅರ್ಜಿ ಕೊಡ್ರಿ. ಮಂಜೂರಾಗೋದ್ರಾಗ ಜಡಿ ಹೆಣಕೋಬಹುದು.

ಜುಲ್ಫೀಕಾರ: ಬಜಾರಕ್ಕ ಬಿಡ್ರಿ ಮಾಸ್ತರ. ಬೇಕಾದಾಂವ ಕೊಡ್ತಾನ, ಬ್ಯಾಡಾದಾಂವ ಎದ್ದು ಹೋಗ್ತಾನ.

ಶಿವರಾಜಪ್ಪ: ಹೊರದೇಶದ ತೊಗರಿ ಬಂದು ದರ ಬಿದ್ದಾಗ, 'ಬಾಗಲಾ ಮುಚ್ರಿ' ಅಂತ ಒದರಿದಾಂವ ಯಾರಪ್ಪಾ?

ಜುಲ್ಫೀಕಾರ: ಆವಾಗ ನನ್ನ ಗೋದಾಮು ತುಂಬಿತ್ತಲ್ರಿ!

ಜ್ಞಾನೇಶ್ವರ: ಭಾಯಿ ಖರೇನ ಹೇಳ್ಯಾನ. ಬಜಾರ ಅಂದ್ರ ಗರಜು. ಅರ್ಧ ಗಡ್ಡದಾಂವಗ ಗರಜು ಭಾಳ. ನೂರು ರೂಪಾಯಿ!

ಶಿವರಾಜಪ್ಪ: ಕಾಯಕ ಅಂತ ತಿಳಕೊಳ್ಳೋ!

ಜ್ಞಾನೇಶ್ವರ: ಕಾಯಕ ನಾ ಮಾಡ್ತೇನಿ, ದಾಸೋಹ ನೀವು ಮಾಡ್ರಿ.

ಶಿವರಾಜಪ್ಪ: ಬಾಜೂ ಅಂಗಡಿಗಿ ಹೋಗ್ತೇನಿ!

ಜ್ಞಾನೇಶ್ವರ: ಇವತ್ತ ಮಂಗಳವಾರ. ಊರಾಗ ಎಲ್ಲಾ ಕಟಿಂಗ್ ಅಂಗಡಿ ಬಂದ್, ನಮ್ಮ ಸಂಘದ ಕಟ್ಟಪ್ಪಣೆ. ನಿಮ್ಮ ಭಾಷಣ ಅಂತ ನಾ ಒಬ್ಬಾಂವ ಕಳ್ಳತನಲೆ ಕದಾ ತಗದೀನಿ.

(ಶಿವರಾಜಪ್ಪ ಕೊರಳಿನ ಬಟ್ಟೆ ಕಿತ್ತೊಗೆದು, ನೊರೆ ಸಮೇತ ಬಾಗಿಲಿಗೆ ನಡೆದರು.)

ಜ್ಞಾನೇಶ್ವರ: ಎಲ್ಲಿಗ್ರಿ?

ಶಿವರಾಜಪ್ಪ: ಭಾಷಣಕ್ಕ. ಬಿಕ್ಕಟ್ಟಂದ್ರ ಏನು ಅಂತ ಬಾಯಿಲೆ ಯಾಕ ಹೇಳ್ಲಿ? ಗಲ್ಲಾ ತೋರಿಸ್ತೇನಿ. ಮಂಗಳವಾರ ಯಾವ ಪುಣ್ಯಾತ್ಮ ಹೆರದಾನ ಅಂತ ಮಂದಿ ಕೇಳಿದ್ರ, ನಿನ್ನ ಹೆಸರು, ಅಂಗಡಿ ವಿಳಾಸ ಎಲ್ಲಾ ಮೈಕಿನಾಗ.

(ಜ್ಞಾನೇಶ್ವರ ಓಡಿಬಂದು ತೋಳು ಹಿಡಿದ.)

ಜ್ಞಾನೇಶ್ವರ: ನಮ್ಮಪ್ಪಾ, ಸಂಘದವ್ರು ನನ್ನ ತೊಗಲು ಸುಲೀತಾರ! ಕುಂದರ್ರಿ. ಐವತ್ತs ಕೊಡ್ರಿ.

(ಶಿವರಾಜಪ್ಪ ಕುರ್ಚಿಯಲ್ಲಿ ಕಾಲಮೇಲೆ ಕಾಲು ಹಾಕಿ ಕುಳಿತು, ಕನ್ನಡಿಯಲ್ಲಿ ಜುಲ್ಫೀಕಾರನಿಗೆ ಕಣ್ಣು ಹೊಡೆದರು.)

ಶಿವರಾಜಪ್ಪ: ಐವತ್ತು ಆಗಿನ ಮಾತು, ತಮ್ಮಾ. ಈಗ ಬಜಾರ ಬಿದ್ದದ. ಮೂವತ್ತು. ತಲಿ ಮಾಲೀಸು ಪುಕಟ.