ಜಪಾನ್ ಗಾಡಿ, ಮದ್ದೂರಿನ ಕಿವಿ

ಹಳೆಯ ಜಪಾನ್ ಬೈಕುಗಳನ್ನು ಬಿಚ್ಚಿ ಜೋಡಿಸುವವನ ಶೆಡ್ಡಿಗೆ ಗಾಡಿಗಳ ಜೊತೆ ಫಜೀತಿಗಳೂ ಬರುತ್ತವೆ. ಗಾಡಿಯನ್ನಾದರೆ "ಸಾಮಾನು ಸಿಕ್ಕಿಲ್ಲ, ಮುಂದಿನ ವಾರ ಬನ್ನಿ" ಎಂದು ಸಾಗಹಾಕಬಹುದು. ಫಜೀತಿಗೆ ಕಿಕ್ಕರ್ ಹೊಡೆಯುವುದೂ ಬೇಕಿಲ್ಲ, ತಾನಾಗಿಯೇ ಸ್ಟಾರ್ಟ್ ಆಗುತ್ತದೆ. ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯ ಪಕ್ಕದ ನನ್ನ ಶೆಡ್ಡಿನಲ್ಲಿ ಮೂವತ್ತು ವರ್ಷದಿಂದ ಹೀಗೇ ನಡೆದುಕೊಂಡು ಬಂದಿದೆ. ಆದರೆ ಹೋದ ವರ್ಷ ಸಂಕ್ರಾಂತಿಯಿಂದ ಗೌರಿಹಬ್ಬದವರೆಗೆ ನಡೆದವಕ್ಕೆಲ್ಲ ಒಂದೇ ಕಾರಣವಿತ್ತು. ಅದು ನನ್ನ ಬಲಗಿವಿ.

೧. ಅಂಗಡಿಯಲ್ಲಿ ಸಿಗದ ಸಾಮಾನು

ನನಗೆ ಕೆಲಸ ಕಲಿಸಿದವರು ಮಂಡ್ಯದ ಒಬ್ಬರು ಸಾಬ್ರು. ಅವರ ಪಾಠ ಒಂದೇ. "ಸ್ಪ್ಯಾನರ್ ಅಂಗಡೀಲಿ ಸಿಗುತ್ತೆ ಬೇಟಾ, ಕಿವಿ ಸಿಗಲ್ಲ." ಟೂ-ಸ್ಟ್ರೋಕ್ ಇಂಜಿನ್ನು ತನ್ನ ಕಾಯಿಲೆಯನ್ನು ತಾನೇ ಹೇಳಿಕೊಳ್ಳುತ್ತದೆ. ಪಿಸ್ಟನ್ ಸವೆದಿದ್ದರೆ ಒಂದು ಸದ್ದು, ಬೇರಿಂಗ್ ಹೋಗಿದ್ದರೆ ಇನ್ನೊಂದು, ಕಾರ್ಬೊರೇಟರಿನಲ್ಲಿ ಕಸ ಕೂತಿದ್ದರೆ ಮತ್ತೊಂದು. ಗಾಡಿ ಗಲ್ಲಿಯ ತಿರುವಿನಲ್ಲಿರುವಾಗಲೇ ಸಾಬ್ರು ಅದರ ರೋಗ ಹೇಳಿಬಿಡುತ್ತಿದ್ದರು. ವಯಸ್ಸಾದ ಮೇಲೆ ಒಂದು ದಿನ ಬೇರಿಂಗ್ ಹೋಗಿದೆ ಎಂದು ಇಂಜಿನ್ ಬಿಚ್ಚಿಸಿದರು. ಬೇರಿಂಗ್ ಹೊಸದರಂತಿತ್ತು. ಗಾಡಿಯವನ ಮುಂದೆ ತಪ್ಪೊಪ್ಪಿಕೊಂಡು, "ಕಿವಿ ಕೇಳಿಸ್ದೇ ಇದ್ರೂ ಗಾಡಿ ಮುಟ್ಟೋದು ಮೋಸ" ಎಂದು ತಮ್ಮ ಸಾಮಾನಿನ ಡಬ್ಬಿಯನ್ನು ನನ್ನ ಕೈಗಿಟ್ಟು ಷಟರ್ ಎಳೆದರು. ಮತ್ತೆ ತೆಗೆಯಲಿಲ್ಲ.

ಸಂಕ್ರಾಂತಿಯ ಚಳಿಯಲ್ಲಿ ನನಗೆ ಕಿವಿನೋವು ಬಂತು. ಹೆಂಡತಿ ಏನೋ ಮನೆಮದ್ದು ಮಾಡಿದಳು, ನೋವು ಹೋಯಿತು. ಜೊತೆಗೆ ಕೇಳಿಸುವುದೂ ಹೋಯಿತು. ದಿನಕ್ಕೆ ಹತ್ತು ಸಲ ಸಾಬ್ರ ಷಟರ್ ಕಣ್ಣ ಮುಂದೆ ಇಳಿಯುತ್ತಿತ್ತು. ನನಗೆ ಬೇರೆ ಕೆಲಸ ಬರುವುದಿಲ್ಲ, ಬೇರೆ ಕೆಲಸ ಬೇಕಾಗಿಯೂ ಇರಲಿಲ್ಲ. ಹೆದರಿಕೆಗೆ ಯಾರಿಗೂ ಹೇಳಲಿಲ್ಲ, ಹೆಂಡತಿಗೂ ಹೇಳಲಿಲ್ಲ. ಎಡಗಿವಿ ಇದೆಯಲ್ಲ ಎನ್ನಬಹುದು. ಅದನ್ನು ನಾಲ್ಕನೇ ಕ್ಲಾಸಿನ ಮೇಷ್ಟ್ರು ಒಂದೇ ಏಟಿಗೆ ಕೆಡಿಸಿದ್ದರು. ಆ ಕಿವಿಗೆ ಇವತ್ತಿಗೂ ಹದಿಮೂರರ ಮಗ್ಗಿ ಬಿಟ್ಟು ಬೇರೇನೂ ಸರಿಯಾಗಿ ಕೇಳಿಸುವುದಿಲ್ಲ.

೨. ಒಳ್ಳೆಯವನಾದದ್ದು

ನಾನು ಸ್ವಭಾವತಃ ಸಿಡುಕ. "ಇದು ಜಪಾನ್ ಪಾರ್ಟೇ ತಾನೆ?" ಎಂದು ಯಾರಾದರೂ ಎರಡನೇ ಸಲ ಕೇಳಿದರೆ, "ಅಲ್ಲ, ನಮ್ಮತ್ತೆ ಮನೇಲಿ ಬೆಳೆದದ್ದು" ಎನ್ನುವವನು. ಕಿವಿ ಮಂದವಾದ ಮೇಲೆ ಜಗಳಕ್ಕೆ ದಾರಿಯೇ ಇಲ್ಲವಾಯಿತು. ಏನು ಹೇಳಿದರೆಂದು ತಿಳಿಯದಿದ್ದಾಗ ನಗುವುದು, ತಲೆಯಾಡಿಸುವುದು. ಗಿರಾಕಿಗಳು ಹೆಚ್ಚಾದರು.

ಒಬ್ಬ ರೈತ ಕ್ಲಚ್ ವೈರ್ ಹಾಕಿಸಲು ಬಂದು ಪಕ್ಕದ ಟೈರಿನ ಮೇಲೆ ಕೂತು ಒಂದು ಗಂಟೆ ಮಾತಾಡಿದ. ಮುಖ ನೋಡಿದರೆ ದುಃಖದ ವಿಷಯ ಎಂದು ಗೊತ್ತಾಗುತ್ತಿತ್ತು. ಅಣ್ಣತಮ್ಮಂದಿರ ಭಾಗದ ಜಗಳವಿರಬೇಕು, ನಡುನಡುವೆ ಕೈಯಲ್ಲಿ ಗೆರೆ ಎಳೆದು ತೋರಿಸುತ್ತಿದ್ದ. ನಾನು ವೈರ್ ಎಳೆಯುತ್ತಾ ತಲೆಯಾಡಿಸಿದೆ. ಹೊರಡುವಾಗ ನನ್ನ ಎರಡೂ ಕೈ ಹಿಡಿದುಕೊಂಡು, ಕಿವಿಗೇ ಬಾಯಿ ತಾಗಿಸಿ ಗಟ್ಟಿಯಾಗಿ ಹೇಳಿದ.

"ಅಣ್ಣೋ, ನಮ್ಮೂರಲ್ಲೂ ಯೋಳ್ಕಂಡೆ, ನೆಂಟ್ರತ್ರೂ ಯೋಳ್ಕಂಡೆ. ಮನ್ಸು ಕೊಟ್ಟು ಕೇಳ್ಸ್ಕಂಡೋನು ನೀನೊಬ್ನೇ ಕಣಣ್ಣ."

ನನಗೆ ನಾಚಿಕೆಯಾಯಿತು. ಆದರೂ ತಲೆಯಾಡಿಸಿದೆ.

ಮನೆಯಲ್ಲೂ ಇದೇ ನಡೆಯುತ್ತಿತ್ತು. ನನ್ನ ಹೆಂಡತಿ ಬಾಯಿಬಿಟ್ಟು ಇಂಥದ್ದು ಬೇಕು ಎಂದವಳಲ್ಲ. ಆ ವರ್ಷ ಮಾತ್ರ ಬೈಕಿನ ಹಿಂದೆ ಕೂತಾಗಲೆಲ್ಲ ಅವಳಿಗೆ ಸಬ್ಬಸಿಗೆ ಸೊಪ್ಪಿನ ಆಸೆ. "ಸಬ್ಸಿಗೆ, ಸಬ್ಸಿಗೆ" ಎಂದು ಬೆನ್ನು ತಟ್ಟುವಳು. ನನಗೆ ಆ ಸೊಪ್ಪಿನ ವಾಸನೆ ಕಂಡರಾಗದು. ಆದರೂ ಎಂದೂ ಕೇಳದವಳು ಕೇಳುತ್ತಿದ್ದಾಳೆ ಎಂದು ದಿನ ಬಿಟ್ಟು ದಿನ ಒಂದು ಕಟ್ಟು ತರುತ್ತಿದ್ದೆ. ಸಬ್ಬಸಿಗೆ ಸಾರು, ಸಬ್ಬಸಿಗೆ ರೊಟ್ಟಿ, ಸಬ್ಬಸಿಗೆ ಉಪ್ಪಿಟ್ಟು. ಗಂಡನಾದವನು ಇಷ್ಟೂ ಸಹಿಸದಿದ್ದರೆ ಹೇಗೆ ಎಂದು ಉಸಿರು ಹಿಡಿದು ನುಂಗುತ್ತಿದ್ದೆ.

೩. ಬಂಡೂರಿನ ಅಜ್ಜಿ

ಬಂಡೂರಿನ ಒಬ್ಬ ಫೋನಿಗೆ ಮೆಸೇಜ್ ಹಾಕಿದ್ದ. ತೀರಿಹೋದ ಅಪ್ಪನ ಜಪಾನ್ ಗಾಡಿ ಹದಿನೆಂಟು ವರ್ಷದಿಂದ ಕುರಿಕೊಟ್ಟಿಗೆಯಲ್ಲಿ ನಿಂತಿದೆ, ತೆಗೆದುಕೊಂಡು ಹೋಗಿ ಮೊದಲಿನ ಹಾಗೆ ಮಾಡಿಕೊಡಿ ಎಂದು. ನಾನು ಹೋದಾಗ ಮನೆಯಲ್ಲಿ ಅವನ ಅಜ್ಜಿ ಒಬ್ಬರೇ ಇದ್ದರು. ಕೊಟ್ಟಿಗೆಯ ಮೂಲೆಯಲ್ಲಿ ಗೋಣಿತಾಟು ಹೊದ್ದುಕೊಂಡು ಗಾಡಿ ನಿಂತಿತ್ತು. ನಾನು ಕೈ ಚಾಚಿದೆ. ಬಾಗಿಲಲ್ಲಿ ನಿಂತ ಅಜ್ಜಿ, "ಮುಟ್ ನೋಡಪ್ಪ, ಮುಟ್ ನೋಡು" ಅಂದರು. ಎಷ್ಟು ಒಳ್ಳೆಯ ಅಜ್ಜಿ ಎಂದುಕೊಂಡು ತಾಟಿನೊಳಕ್ಕೆ ಮೊಣಕೈವರೆಗೆ ತೂರಿಸಿದೆ.

ಒಳಗೆ ಸೀಟಿನ ಮೇಲೆ ಕೋಳಿ ಕಾವಿಗೆ ಕೂತಿತ್ತು. ಅದು ಕುಕ್ಕಿದ ರಭಸಕ್ಕೆ ನಾನು ಕುರಿಗಳ ಮೇಲೆ ಬಿದ್ದೆ.

ಅಜ್ಜಿ ಹತ್ತಿರ ಬಂದು ನನ್ನನ್ನಲ್ಲ, ಕೋಳಿಯನ್ನು ಸಮಾಧಾನ ಮಾಡಿದರು. "ಮುಟ್ಬ್ಯಾಡಪ್ಪ, ಮುಟ್ಬ್ಯಾಡ ಅಂತ ಬಡ್ಕತಾ ಇವ್ನಿ. ಕಿವಿ ಏನ್ ಮಳವಳ್ಳಿ ಬಸ್ಸಲ್ಲಿ ಬುಟ್ಬುಟ್ಟು ಬಂದಿದ್ದೀಯಾ?"

ಗಾಡಿ ಯಾವಾಗ ಒಯ್ಯಲಿ ಎಂದು ಕೇಳಿದೆ.

"ಮರಿ ಆಗ್ಲಿ. ಅದ್ನೆಂಟ್ ವರ್ಸ ನಿಂತಿರೋ ಗಾಡಿ ಇನ್ನೊಂದಿಪ್ಪತ್ ದಿನ ನಿಂತ್ರೆ ನಿನ್ ಗಂಟೇನ್ ಓದದು?"

ಇಪ್ಪತ್ತು ದಿನ ಕಾದೆ. ಗಾಡಿ ಕೊಟ್ಟರು. ಸೀಟನ್ನು ಕೋಳಿ ಇಟ್ಟುಕೊಂಡಿತು.

೪. ಕಚ್ಚುವ ಮೆಕ್ಯಾನಿಕ್

ಕೊನೆಗೆ ಸಾಬ್ರ ಹಳೆಯ ಉಪಾಯವೊಂದು ನೆನಪಾಯಿತು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಹಲ್ಲಿನಲ್ಲಿ ಕಚ್ಚಬೇಕು. ಸದ್ದು ಹಲ್ಲಿನಿಂದ ದವಡೆಗೆ, ದವಡೆಯಿಂದ ತಲೆಯೊಳಕ್ಕೆ ಹತ್ತುತ್ತದೆ. ಮಾಡಿ ನೋಡಿದೆ. ಇಂಜಿನ್ನಿನ ಒಂದೊಂದು ಮಾತೂ ಸ್ಪಷ್ಟ. ಎಷ್ಟೋ ದಿನದ ಮೇಲೆ ಗೆಳೆಯ ಸಿಕ್ಕಂತಾಗಿ, ಕಚ್ಚಿಕೊಂಡೇ ಎರಡು ಸಲ ಆಕ್ಸಿಲರೇಟರ್ ತಿರುವಿದೆ.

ಕಿರುಗಾವಲಿನ ಕಡೆ ಸುದ್ದಿ ಬೇರೆಯೇ ಹಬ್ಬಿತು. ಮದ್ದೂರಿನಲ್ಲಿ ಒಬ್ಬ ಇದ್ದಾನೆ, ಗಾಡಿಯನ್ನು ಕಚ್ಚಿ ರೋಗ ಹೇಳುತ್ತಾನೆ ಎಂದು. ಗಾಡಿ ತಂದವರು ಕೆಲಸ ಮುಗಿದ ಮೇಲೂ ಹೋಗದೆ, "ಕಚ್ಲೇ ಇಲ್ವಲ್ಲಣ್ಣ" ಎಂದು ನಿಲ್ಲತೊಡಗಿದರು. ಒಂದು ದಿನ ಬಸ್ಸಿಳಿದು ಬಂದ ಹೆಂಗಸೊಬ್ಬಳು ಚೀಲದಿಂದ ಮಿಕ್ಸಿ ತೆಗೆದು ನನ್ನ ಮುಂದಿಟ್ಟಳು.

"ಚಟ್ನಿ ರುಬ್ಬಾಕಿಲ್ಲ ಅಂತದೆ. ಇದ್ನೂ ಒಂದ್ಸಲ ಕಚ್ಬುಡಣ್ಣ."

೫. ಹಿಂದೆ ಸರಿಯದ ಯಜಮಾನರು

ಹನಕೆರೆ ಕಡೆಯ ಒಬ್ಬರು ಯಜಮಾನರು, ಹಿಂದೆ ಪಂಚಾಯ್ತಿ ನಡೆಸಿದವರು, ಪ್ರಾಯದಲ್ಲಿ ಓಡಿಸುತ್ತಿದ್ದ ಗಾಡಿಯನ್ನು ತಂದುಕೊಟ್ಟಿದ್ದರು. ಮೂರು ತಿಂಗಳು ಹಿಡಿಯಿತು. ಟ್ಯಾಂಕಿಗೆ ಹಳೆಯ ಬಣ್ಣವನ್ನೇ ಹೊಂದಿಸಿ ಹೊಡೆಸಿದೆ, ಹ್ಯಾಂಡಲಿಗೆ ಮುಖ ಕಾಣುವಂತೆ ಕ್ರೋಮ್ ಹಾಕಿಸಿದೆ. ಒಯ್ಯುವ ದಿನ ಯಜಮಾನರು ಬಿಳಿ ಪಂಚೆ ಉಟ್ಟು ನಾಲ್ಕು ಜನ ಗೆಳೆಯರನ್ನು ಕರೆದುಕೊಂಡು ಬಂದರು.

ಹಳೆಯ ಟೂ-ಸ್ಟ್ರೋಕಿಗೆ ಒಂದು ಗುಣವಿದೆ. ಕಿಡಿ ಕೂದಲೆಳೆಯಷ್ಟು ಬೇಗ ಹತ್ತಿ, ಕಿಕ್ಕರನ್ನು ಅರೆಬರೆ ಹೊಡೆದರೆ, ಇಂಜಿನ್ನು ಉಲ್ಟಾ ತಿರುಗಲು ಶುರುಮಾಡುತ್ತದೆ. ಆಗ ಗೇರಿಗೆ ಹಾಕಿದರೆ ಗಾಡಿ ಹೋಗುವುದು ಹಿಂದಕ್ಕೆ. ಸದ್ದಿನಲ್ಲೇ ತಿಳಿಯುತ್ತದೆ, ಕಿವಿ ಇದ್ದವನು ಆ ಕ್ಷಣವೇ ಆರಿಸುತ್ತಾನೆ. ಅಂದು ಕಿಡಿಯ ಪಾಯಿಂಟ್ ಕೂರಿಸಿದ ಮೇಲೆ ಹಲ್ಲು ಕೊಟ್ಟು ನೋಡಬೇಕಿತ್ತು. ಅಷ್ಟು ದೊಡ್ಡ ಮನುಷ್ಯರ ಮುಂದೆ ಗಾಡಿಗೆ ಬಾಯಿ ಹಾಕಲು ನಾಚಿಕೆಯಾಯಿತು.

"ಹುಷಾರು ಯಜಮಾನ್ರೇ, ವಯಸ್ಸಾದ ಗಾಡಿ" ಅಂದೆ.

"ಲೇ, ಇಟ್ಟೆಜ್ಜೆ ಇಂದಕ್ಕಿಟ್ಟಿರೋ ವಂಸ ಅಲ್ಲ ಕಣ್ಲಾ ನಮ್ದು" ಎಂದು ಯಜಮಾನರು ತಾವೇ ಕಿಕ್ಕರ್ ಹೊಡೆದರು. ಗಾಡಿ ನಡುಗಿತು. ನಾನು ನಗುತ್ತಾ ತಲೆಯಾಡಿಸಿದೆ. ಗೆಳೆಯರ ಕಡೆ ಕೈಯೆತ್ತಿ, ಗೇರು ಹಾಕಿ, ಕ್ಲಚ್ ಬಿಟ್ಟರು. ಎತ್ತಿದ ಕೈ ಎತ್ತಿದ ಹಾಗೆಯೇ ಯಜಮಾನರು ಹಿಂದಕ್ಕೆ ಹೋಗಿ ರಸ್ತೆ ಬದಿಯ ಎಳನೀರಿನ ರಾಶಿಯಲ್ಲಿ ಕೂತರು.

ಎಳನೀರಿನವನು ಮಚ್ಚು ಕೈಗೆತ್ತಿಕೊಂಡು ಎಂದಿನಂತೆ ಕೇಳಿದ. "ನೀರಿಂದಾ ಸಾಮಿ, ಗಂಜೀದಾ?"

೬. ಸೊಪ್ಪಿನ ಅಂಗಡಿ

ಯಜಮಾನರಿಗೆ ಪೆಟ್ಟಾಗಿರಲಿಲ್ಲ. ನನಗಾಗಿತ್ತು. ಇಂಥ ಸದ್ದು ನನಗೆ ಕೇಳಿಸಲಿಲ್ಲವೆಂದರೆ ಸಾಬ್ರು ಹೇಳಿದ ಮೋಸವನ್ನೇ ನಾನು ಮಾಡುತ್ತಿದ್ದೇನೆ. ಶೆಡ್ಡಿನ ಬಾಗಿಲೆಳೆದು ಮನೆಗೆ ಹೋಗಿ ಹೆಂಡತಿಗೆ ಎಲ್ಲ ಹೇಳಿದೆ. ಕಿವಿ ಹೋಯಿತು, ಇನ್ನು ಶೆಡ್ಡು ತೆಗೆಯುವುದಿಲ್ಲ ಅಂದೆ. ಅವಳು ಸೀರೆ ಬದಲಾಯಿಸಿ, "ನಡೀರಿ ಮಂಡ್ಯಕ್ಕೆ" ಎಂದು ಬೈಕಿನ ಹತ್ತಿರ ನಿಂತಳು.

ಕಿವಿ ಡಾಕ್ಟರಮ್ಮ ಲೈಟ್ ಬಿಟ್ಟು ನೋಡಿದರು. ಇಕ್ಕಳ ಹಾಕಿ ಎಳೆದು, ಕಪ್ಪಗಿನ ಒಂದು ಉಂಡೆಯನ್ನು ತಟ್ಟೆಯಲ್ಲಿಟ್ಟು ಬಿಡಿಸಿದರು. ನಡುವೆ ಒಣಗಿದ ಬೆಳ್ಳುಳ್ಳಿ ಎಸಳು.

"ಇದನ್ನ ಒಗ್ಗರಣೆಗೆ ಹಾಕ್ತಾರೆ" ಅಂದರು ಡಾಕ್ಟರಮ್ಮ.

ಹೆಂಡತಿ ಬಗ್ಗಿ ನೋಡಿದಳು. "ಅಯ್ಯೋ, ನಮ್ದೇ ಇದು. ಬಿಸಿ ಮಾಡಿ ಹತ್ತೀಲಿ ಸುತ್ತಿ ಇಟ್ಟಿದ್ದೆ. ಹತ್ತಿ ಬಂತು, ಎಸ್ಳು ಎಲ್ಲೋ ಬಿದ್ದೋಯ್ತು ಅಂತ ಆಸ್ಗೆ ಎಲ್ಲಾ ಒದ್ರಿದ್ನಲ್ಲಾ."

ಹೊರಗೆ ಬಂದು ನನ್ನ ಬೈಕಿಗೆ ಕಿಕ್ಕರ್ ಹೊಡೆದೆ. ಪಿಸ್ಟನ್ ಟಕಟಕ, ಸೈಲೆನ್ಸರ್ ಗಡಗಡ, ಚೈನ್ ಕವರ್ ಗಲಗಲ. ಊರಿನ ಗಾಡಿಗಳಿಗೆಲ್ಲ ಹಲ್ಲು ಕೊಟ್ಟವನು ಸ್ವಂತ ಗಾಡಿಗೆ ಕೊಟ್ಟಿರಲಿಲ್ಲ. ಅಷ್ಟು ಕೆಟ್ಟ ಸದ್ದನ್ನು ನಾನು ಜನ್ಮದಲ್ಲಿ ಕೇಳಿರಲಿಲ್ಲ, ಅದು ಕೇಳಿಸಿತಲ್ಲ ಎಂದು ನನ್ನ ಕಣ್ಣಲ್ಲಿ ನೀರು ಬಂತು. ನಾಳೆ ಶೆಡ್ಡು ತೆಗೆಯಬಹುದು.

ಹಿಂದೆ ಕೂತ ಹೆಂಡತಿ ಬೆನ್ನು ತಟ್ಟಿದಳು. "ಈಗ್ಲಾರ ಕೇಳ್ತಾ ಸಬ್ದ? ಎಂಟ್ ತಿಂಗ್ಳಿಂದ ಬಡ್ಕತಾ ಇವ್ನಿ, ಸಬ್ದ ಕಣ್ರೀ, ಗಾಡಿ ಸಬ್ದ ಅಂತ."

ನಾನು ಗಾಡಿ ಆರಿಸಿದೆ. "ಏನಂದೆ ಅಮ್ಮಿ? ಸಬ್ಸಿಗೆ ಅಲ್ವಾ?"

"ಯಾವ ಸಬ್ಸಿಗೆ?"

"ನಿಂಗೆ ಇಷ್ಟ ಅಂತ ತತ್ತಿದ್ನಲ್ಲಾ."

ಅವಳು ಬೈಕಿನಿಂದ ಇಳಿದೇ ಬಿಟ್ಟಳು. "ನಂಗಾ? ಅದ್ರ ವಾಸ್ನೇನೇ ಆಗಾಕಿಲ್ಲ ನಂಗೆ. ಮೂವತ್ತೊರ್ಸದಲ್ಲಿ ಬಾಯ್ಬುಟ್ಟು ಒಂದ್ ಅಡ್ಗೆ ಕೇಳ್ದೋರಲ್ಲ, ಆಸೆ ಪಟ್ಟು ತತ್ತಾವ್ರಲ್ಲ ಅಂತ ಉಸ್ರು ಇಡ್ಕಂಡು ತಿಂದೆ ಕಣ್ರೀ."

ಎಂಟು ತಿಂಗಳು ಇಬ್ಬರೂ ಒಬ್ಬರಿಗೋಸ್ಕರ ಒಬ್ಬರು ನುಂಗಿದ್ದೆವು. ಆಸ್ಪತ್ರೆ ಮುಂದೆ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಇನ್ನು ಮೇಲೆ ಮನೆಯೊಳಕ್ಕೆ ಸಬ್ಬಸಿಗೆ ಬರಕೂಡದು ಎಂದು ಮಾತಾಗಿ, ಗಡಗಡ ಎನ್ನುತ್ತಾ ಮದ್ದೂರು ಸೇರಿದೆವು. ಸೊಪ್ಪಿನ ಅಂಗಡಿಯ ಮುಂದೆ ಕಣ್ಣು ತಪ್ಪಿಸಿಕೊಂಡು ಹೋಗೋಣ ಎಂದರೆ, ಸೊಪ್ಪಿನವಳು ಆಗಲೇ ರಸ್ತೆಗೆ ಬಂದು ಕಟ್ಟು ಹಿಡಿದು ನಿಂತಿದ್ದಳು.

"ಬಾ ಅಣ್ಣಾ, ನಿನ್ ಗಾಡಿ ಸಬ್ದ ರಸ್ತೆ ತಿರುವ್ತಾವ ಕೇಳ್ತಿದ್ದಂಗೇ ಸಬ್ಸಿಗೆ ತೆಗ್ದಿಟ್ಟೆ."