ಬೀಗರ ದೋಣಿಗೆ ನಾನು ಹಾಕಿದ ಗಂಟು

ಹಗ್ಗ ಕಟ್ಟುವ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಿಲ್ಲ. ಹಂದನಕೆರೆಯಲ್ಲಿ ಹುಟ್ಟಿ, ಬುದ್ಧಿ ಬಂದಾಗಿನಿಂದ ದನ ಕಟ್ಟಿದವನು ನಾನು. ಹಾಗಿರುವಾಗ ಮಗಳ ಮಾವ, ಅಂದರೆ ನಮ್ಮ ಬೀಗರು, ಫೋನ್ ಮಾಡಿ "ದೋಣಿಯ ಸ್ಟೇರಿಂಗ್ ಕಟ್ಟಿ ಬರ್ತೀರಾ?" ಅಂದಾಗ ನಗು ಬಂತು.

ಬೀಗರು ಹಡಗಿನ ಕೆಲಸದಿಂದ ರಿಟೈರ್ ಆದವರು. ನೀರಿನ ಹುಚ್ಚು ಬಿಡದೆ ಒಂದು ಹಳೇ ಹಾಯಿದೋಣಿ ತಂದು ಬೋರನಕಣಿವೆ ಜಲಾಶಯದ ದಡದಲ್ಲಿ ಕಟ್ಟಿದ್ದರು. ಗಾಳಿಗೆ ಸ್ಟೇರಿಂಗ್ ಅತ್ತಿತ್ತ ಆಡಿದರೆ ನೀರೊಳಗಿನ ಚುಕ್ಕಾಣಿ ಬಡಿದು ಹಾಳಾಗುತ್ತದಂತೆ. ನೆಟ್ಟಗೆ ನಿಲ್ಲಿಸಿ, ಅಲ್ಲೇ ಇರುವ ರಬ್ಬರ್ ಪಟ್ಟಿ ಸಿಕ್ಕಿಸಿದರೆ ಸಾಕು ಅಂದರು. ಭಾನುವಾರ ಎರಡೂ ಮನೆಯವರು ವಿಹಾರ ಹೋಗುವುದಿತ್ತು. ಮದುವೆಯಾದ ಮೇಲೆ ಬೀಗರು ನನಗೆ ಒಪ್ಪಿಸಿದ ಮೊದಲ ಕೆಲಸ ಇದು. ಮಗಳ ತವರಿನ ಮಾನ ನನ್ನ ಕೈಯಲ್ಲಿತ್ತು.

ತೆಂಗಿನ ಸೀಮೆಯವನಿಗೆ ರಬ್ಬರ್ ಪಟ್ಟಿಯೇ! ನಾನೇ ಹೊಸೆದ ನಾರಿನ ಹಗ್ಗ ತಗೊಂಡು ಹೋದೆ. ಹಾಯುವ ಹಸುವನ್ನು ಕಂಬಕ್ಕೆ ಗಿಡ್ಡವಾಗಿ ಕಟ್ಟುವ ಹಾಗೆ, ಸ್ಟೇರಿಂಗನ್ನು ಬಲಕ್ಕೆ ಪೂರ್ತಿ ತಿರುಗಿಸಿ ಬಿಗಿದೆ. ಮಾರನೇ ದಿನವೆಲ್ಲ ಸೋನೆ ಹಿಡಿಯಿತು. ಹಗ್ಗ ನೆಂದು ಗಂಟು ಕಲ್ಲಾಯಿತು.

ಭಾನುವಾರ ಬೀಗರು, ಬೀಗಿತ್ತಿ, ನನ್ನ ಹೆಂಡತಿ ಶಾರದ ಎಲ್ಲ ಹತ್ತಿ ಕೂತರು. ಬೀಗರು ಹಾಯಿ ಏರಿಸಿ ಗಂಟಿಗೆ ಕೈ ಹಾಕಿದರು. ಉಗುರಾಯಿತು, ಹಲ್ಲಾಯಿತು, ಬಿಚ್ಚಲಿಲ್ಲ. ನಾನು ಓಡಿಹೋಗಿ ಸ್ಕೂಟರಿನಿಂದ ಮಚ್ಚು ತಂದೆ. "ನಿಧಾನ ಕಣ್ರೀ" ಅಂದಳು ಶಾರದ. ನಿಧಾನ ನನ್ನ ಜಾಯಮಾನವಲ್ಲ. ಬೀಸಿದ ಮಚ್ಚು ನಾರಿಗೆ ಬಡಿದು ಪುಟಿದು, ದೋಣಿಯನ್ನು ದಡಕ್ಕೆ ಕಟ್ಟಿದ್ದ ಹಗ್ಗವನ್ನು ಒಂದೇ ಏಟಿಗೆ ಕತ್ತರಿಸಿ ನೀರಿಗೆ ಬಿತ್ತು. ನನ್ನ ಗಂಟು ಮಾತ್ರ ಹಾಗೇ ಇತ್ತು!

ಹಾಯಿಗೆ ಗಾಳಿ ತುಂಬಿತು. ಬಲಕ್ಕೆ ಬಿಗಿದ ದೋಣಿ ಬಲಕ್ಕೇ ಸುತ್ತತೊಡಗಿತು. ಮೂರು ಪ್ರದಕ್ಷಿಣೆ ಆದಾಗ ಬೀಗಿತ್ತಿ ಕೈಮುಗಿದು ಕಣ್ಣು ಮುಚ್ಚಿದರು. ಬೀಗರು ಹೇಗೋ ಹಾಯಿ ಇಳಿಸಿದರು. ಕೊನೆಗೆ ಮೀನು ಹಿಡಿಯುವವನೊಬ್ಬ ತೆಪ್ಪದಲ್ಲಿ ಬಂದು, ಚಾಕುವಿನಿಂದ ಹಗ್ಗ ಕುಯ್ದು, ನಮ್ಮನ್ನು ದಡಕ್ಕೆ ಎಳೆದ.

"ಯಾರ್ ಸ್ವಾಮಿ ಕಟ್ಟಿದ್ದು? ಇದು ದನ ಕಟ್ಟೋ ಗಂಟು" ಅಂದ.

ನಾನು ತಲೆ ತಗ್ಗಿಸಿದೆ. ಬೀಗರು ನನ್ನ ಮುಖ ನೋಡಿ, "ನಾನೇ ಕಣಪ್ಪ" ಅಂದುಬಿಟ್ಟರು. ನಾಚಿಕೆಯಿಂದ ಸತ್ತೇಹೋದೆ, ಆದರೆ ಮಾನ ಉಳಿಯಿತು.

ಸಂಜೆ ಮನೆಗೆ ಬಂದರೆ ನಮ್ಮ ಹಸು ಕಂಬದಿಂದ ಬಿಚ್ಚಿಕೊಂಡು, ಶಾರದಳ ಅವರೆ ಸಾಲನ್ನು ಬುಡಸಮೇತ ಮೇಯ್ದು ನಿಂತಿತ್ತು. ಬೆಳಿಗ್ಗೆ ಹೊರಡುವ ಮುಂಚೆ ಅದೇ ಗಂಟು ಹಾಕಿದ್ದೆ.

"ಇದನ್ನ ಕಟ್ಟಿದ್ದು ಯಾರ್ರೀ?" ಅಂದಳು ಶಾರದ.

ಸುತ್ತ ನೋಡಿದೆ. "ನಾನೇ" ಅನ್ನೋಕೆ ಅಲ್ಲಿ ಬೀಗರಿರಲಿಲ್ಲ.