ಮಾಮಾನ ಉದ್ದ ತೋಳಿನ ಅಂಗಿ

ಜೇವರ್ಗಿಯ ರಣಬಿಸಿಲಿನಲ್ಲಿ ಉದ್ದ ತೋಳಿನ ಅಂಗಿ ತೊಟ್ಟು, ಕಾಲಿಗೆ ಸಾಕ್ಸ್ ಏರಿಸಿ, ಕೊರಳಿಗೆ ಟವೆಲ್ಲು ಸುತ್ತಿಕೊಂಡವರು ಎದುರಾದರೆ ದಯವಿಟ್ಟು ಹುಚ್ಚರೆನ್ನಬೇಡಿ. ಅವರು ನನ್ನ ಸೋದರಮಾವ, ನಿವೃತ್ತ ಮಾಸ್ತರು! ಸೊಳ್ಳೆ ಎಂದರೆ ಅವರಿಗೆ ಜೀವ ಬಾಯಿಗೆ ಬರುತ್ತದೆ.

ನಾವೆಲ್ಲ ಸಂಜೆಯ ಸೊಳ್ಳೆಗೆ ಹೆದರಿದರೆ ಮಾಮಾ ಹೆದರುವುದು ಹಗಲಿನದಕ್ಕೆ. "ಡೆಂಗಿ ಸೊಳ್ಳಿ ಹಗಲು ಡ್ಯೂಟಿ ಮಾಡ್ತದವಾ, ಚೊಕ್ಕ ನೀರಾಗೇ ತತ್ತಿ ಇಡ್ತದ" ಎನ್ನುತ್ತ ಬ್ಯಾಟರಿ ಹಿಡಿದು ಓಣಿಯವರ ಹಂಡೆ, ಡ್ರಮ್ಮುಗಳಲ್ಲೆಲ್ಲ ಇಣುಕುತ್ತಾರೆ. ಹುಳ ಕಂಡವೋ, ಡ್ರಮ್ಮು ಬೋರಲು!

ನಮ್ಮಲ್ಲಿ ನಳಕ್ಕೆ ನೀರು ಬರುವುದು ವಾರಕ್ಕೊಮ್ಮೆ. ಅದಕ್ಕಿನ್ನೂ ನಾಲ್ಕು ದಿನ ಇರುವಾಗ ಒಮ್ಮೆ ಮಾಮಾ ಪಕ್ಕದ ಮನೆಯಾಕೆಯ ಡ್ರಮ್ಮು ಚೆಲ್ಲಿಬಿಟ್ಟರು.

"ಅಯ್ಯಯ್ಯ, ಏನ್ ಮಾಡಿದ್ರಿ ಮಾಸ್ತರ! ಇನ್ನ ಭಾಂಡೆ ಹೆಂಗ ತಿಕ್ಕಲ್ರಿ?"

"ಮೊದ್ಲು ಜೀವ ಉಳಿಸ್ಕೊ ಬೇ, ಆಮ್ಯಾಲ ಭಾಂಡೆ ತಿಕ್ಕೀಯಂತ!"

ಬೈಸಿಕೊಂಡರು. ಸಂಜೆಗೆ ತಾವೇ ಆರು ಕೊಡ ನೀರು ಹೊತ್ತು ಹಾಕಿ, ತಮ್ಮ ಹಳೇ ಧೋತರ ಹರಿದು ಡ್ರಮ್ಮಿನ ಬಾಯಿಗೆ ಬಿಗಿದು ಬಂದರು. ಈಗ ಅರ್ಧ ಓಣಿಯ ಡ್ರಮ್ಮುಗಳು ನಮ್ಮ ಮಾಮಾನ ಧೋತರ ಉಟ್ಟಿವೆ.

ಹೋದ ಮಳೆಗಾಲದಲ್ಲಿ ನನ್ನ ಆರು ವರ್ಷದ ಮಗಳಿಗೆ ಜ್ವರ ಬಂತು. ಡೆಂಗಿ ಎಂದು ರಿಪೋರ್ಟು. ಮಚ್ಛರದಾನಿ, ಅಂದರೆ ಸೊಳ್ಳೆ ಪರದೆಯೊಳಗೇ ಮಲಗಿಸಿ, ದಿನಾ ರಕ್ತ ತೋರಿಸಿ ಎಂದರು ಡಾಕ್ಟರು. ಪ್ಲೇಟ್‌ಲೆಟ್ ಇಳಿಯುತ್ತಲೇ ಇತ್ತು. ಹಣೆ ಮುಟ್ಟಿ ಮುಟ್ಟಿ ನನಗೆ ನನ್ನ ಕೈಯ ಮೇಲೇ ನಂಬಿಕೆ ಹೋಯಿತು.

ಮಾಮಾ ಓಣಿಯನ್ನೇ ಜಾಲಾಡಿದರು. ಎಲ್ಲಿಯೂ ಒಂದು ಹುಳವಿಲ್ಲ!

"ಮಾಮಾ, ನಿಮ್ಮ ಕೂಲರ್ ನೋಡೀರೇನ್ರಿ?" ಎಂದೆ.

ನಾನು ಕೆಲಸಕ್ಕೆ ಹೋದಾಗ ಮಗಳು ಇರುವುದು ಅವರ ಮನೆಯಲ್ಲೇ, ಗೊಂಬೆ ಹರವಿಕೊಂಡು ಕೂಡುವುದು ಆ ಕೂಲರಿನ ಮುಂದೆಯೇ. ಬೇಸಿಗೆ ಮುಗಿದ ಮೇಲೆ ಬಂದ್ ಮಾಡಿದ್ದರು, ನೀರು ಚೆಲ್ಲಿರಲಿಲ್ಲ. ಕೂಲರಿನ ಪಕ್ಕದ ಜಾಲರಿ ತೆಗೆದರೆ ತಳದ ತುಂಬ ಹುಳ ಮಿಜಿಗುಡುತ್ತಿದ್ದವು. ಮಾಮಾ ಬ್ಯಾಟರಿ ಆರಿಸಿದರು.

ಮರುದಿನ ಮಧ್ಯಾಹ್ನ ರಿಪೋರ್ಟು ತೆಗೆದುಕೊಂಡು ಮನೆಗೆ ಓಡಿಬಂದೆ. ಮಗಳ ಮಂಚದ ಪಕ್ಕ ಮಾಮಾ ಕೂತಿದ್ದರು, ಬರಿಮೈಯಲ್ಲಿ! ಎಂದೂ ಬಿಸಿಲು ಕಾಣದ ಆ ಬೆಳ್ಳನೆಯ ಬೆನ್ನನ್ನು ನಾನು ನೋಡಿದ್ದು ಅದೇ ಮೊದಲು. ಅದರ ಮೇಲೆ ಅಲ್ಲಲ್ಲಿ ಕೆಂಪು ಗುಳ್ಳೆ.

"ಅಂಗಿ ಎಲ್ರಿ ಮಾಮಾ?"

"ಮಚ್ಛರದಾನಿ ಇಲ್ಲಿ ಹರದದವಾ. ಸೊಳ್ಳಿ ಬಂದ್ರ ಮೊದ್ಲು ನಂಗ ಕಡೀಲಿ."

ರಿಪೋರ್ಟು ಅವರ ಕೈಗಿಟ್ಟೆ. "ಪ್ಲೇಟ್‌ಲೆಟ್ ಏರ್ಯಾವ್ರಿ ಮಾಮಾ. ಅಂಗಿ ಹಾಕ್ಕೋರಿ."

ಅವರು ರಿಪೋರ್ಟನ್ನು ಕಣ್ಣಿಗೆ ಒತ್ತಿಕೊಂಡರು. ಆದರೆ ಜಾಗ ಬಿಟ್ಟು ಏಳಲಿಲ್ಲ.

"ನಾಳಿನ ರಿಪೋರ್ಟೂ ಬರ್ಲಿ, ಹಾಕ್ಕೋತೇನಿ."